ಪಿಸ್ಟನ್ ಇಲ್ಲದ್ದಕ್ಕೆ ಪಂಚನಾಮೆ

ನನ್ನ ಹಳೆಯ ಕಾರಿಗೆ ರೋಟರಿ ಎಂಜಿನ್ ಕೂರಿಸಿಕೊಂಡಿದ್ದೇನೆ. ಅದರಲ್ಲಿ ಪಿಸ್ಟನ್ ಇರುವುದಿಲ್ಲ. ಮುಕ್ಕೋನದ ಲೋಹದ ತುಂಡುಗಳು ತಿರುಗಿ ಗಾಡಿ ಓಡಿಸುತ್ತವೆ. ಮಕ್ತಲ್‌ನಲ್ಲಿ ಅದು ಕೆಟ್ಟು ನಿಂತಾಗ, ಅಲ್ಲಿನ ಮೆಕ್ಯಾನಿಕ್ ಬೀರಪ್ಪನಿಗೆ ಗಾಡಿ ಒಪ್ಪಿಸಿ, ಇಷ್ಟನ್ನು ಹೇಳದೆ ನಾರಾಯಣಪೇಟೆಗೆ ಹೋದದ್ದು ನನ್ನ ತಪ್ಪು.

ಮರುದಿನ ಬಂದಾಗ ಎಂಜಿನ್ ಬಿಚ್ಚಿಟ್ಟಿತ್ತು. ಬೀರಪ್ಪ ಕೈಕಟ್ಟಿ ದೂರ ನಿಂತಿದ್ದ.

“ಸಾರ್, ನಾ ಬಿಚ್ಚಿದಾಗೇ ಒಳಗ ಪಿಸ್ಟನ್ ಇದ್ದಿಲ್ರಿ.”

“ಅದರಲ್ಲಿ ಇರೋದೇ ಇಲ್ಲಪ್ಪ.”

“ನೀವು ಹಂಗಂತೀರಿ. ನಾಳೆ ಮಂದಿ, ಬೀರಪ್ಪ ಕದ್ದು ಮಾರ್ಕೊಂಡ ಅಂತಾರ. ಪಂಚನಾಮೆ ಆಗೋತನಕ ನಾ ಪಾನಾ-ಸ್ಪ್ಯಾನರ್ ಮುಟ್ಟಂಗಿಲ್ರಿ.”

ಪಂಚರಾಗಿ ಚಹಾದಂಗಡಿಯವನು, ಪಂಕ್ಚರ್ ಹಾಕುವವನು, ಗದ್ವಾಲದ ಬಸ್ಸಿಗೆ ಕಾದಿದ್ದ ಒಬ್ಬ ಅಜ್ಜಿ ಬಂದರು. ಬೀರಪ್ಪ ಕಾಗದದ ಮೇಲೆ ರಾಜ್ಯದ ಹೆಸರನ್ನು ಹಳೆಯ ರೂಢಿಯಂತೆ ಆಂಧ್ರ ಎಂದು ಬರೆದು, ಹೊಡೆದುಹಾಕಿ, ತೆಲಂಗಾಣ ಎಂದು ತಿದ್ದಿದ. ಅಜ್ಜಿ ಎಂಜಿನ್ನಿನೊಳಗೆ ಬಗ್ಗಿ ನೋಡಿದಳು.

“ಏನೂ ಇಲ್ಲಪ್ಪ. ಯಾರೋ ಮುಂಚೇನೇ ಹೊಡಕೊಂಡು ಹೋಗ್ಯಾರ,” ಎಂದು ನನ್ನತ್ತ ಕನಿಕರ ತೋರಿಸಿ, ಕಪ್ಪು ಎಂಜಿನ್ ಎಣ್ಣೆಯಲ್ಲಿ ಹೆಬ್ಬೆರಳು ಅದ್ದಿ ಒತ್ತಿದಳು. ಒಳಗೆ ಪಿಸ್ಟನ್ ಇರಲಿಲ್ಲ ಎಂಬುದಕ್ಕೆ ನಾನೂ ಸಹಿ ಹಾಕಿದೆ. ಆಮೇಲೇ ಬೀರಪ್ಪ ಕೆಲಸಕ್ಕೆ ಕೈಹಾಕಿದ್ದು.

ನನ್ನ ಎಂಜಿನ್ನಿನ ಬಗ್ಗೆ ನಿಜ ಹೇಳುವ ದಾಖಲೆ ಇವತ್ತಿಗೂ ಅದೊಂದೇ. ನೋಂದಣಿ ಪುಸ್ತಕದಲ್ಲಿ ನಾಲ್ಕು ಸಿಲಿಂಡರ್ ಎಂದಿದೆ.