ಎತ್ತಿನ ಹಗ್ಗದಂಥ ಜಡೆ

ಆದೋನಿಯ ಕೋರ್ಟಿನಲ್ಲಿ ಜಡ್ಜ್ ಮೇಡಂ ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟೆ. ಆಮೇಲೆ ಮಗಳ ಅಜ್ಜಿ, ಅಂದರೆ ನನ್ನ ಹಳೆಯ ಅತ್ತೆ, ಎದ್ದು ನಿಂತರು.

"ಒಂಟಿ ಗಂಡಸು ಅದಾನ್ರಿ ಮೇಡಂ. ಅನ್ನ ಹಾಕ್ತಾನ, ಇಲ್ಲ ಅನ್ನಂಗಿಲ್ಲ. ಹೆಣ್ಣ ಕೂಸಿಗೆ ಜಡಿ ಯಾರು ಹಾಕ್ತಾರ?"

ನಾನೂ ಹೆಂಡತಿಯೂ ಬೇರೆಯಾಗಿ ನಾಲ್ಕು ವರ್ಷ. ಆಗ ಇಬ್ಬರೂ ಒಪ್ಪಿಯೇ ಮಗಳನ್ನು ಮಾಧವರಂನಲ್ಲಿ ಆಕೆಯ ಹತ್ತಿರ ಬಿಟ್ಟಿದ್ದೆವು. ಹೋದ ವರ್ಷ ಆಕೆ ಗಡಿಯ ಹೊಳೆಯಾಚೆಯಿಂದ ಕರ್ನಾಟಕದ ಮದ್ಯದ ಪ್ಯಾಕೆಟ್ ಕಳ್ಳತನದಲ್ಲಿ ತರುತ್ತ ಎರಡನೇ ಸಲ ಸಿಕ್ಕಿಬಿದ್ದು ಜೈಲು ಸೇರಿದಳು. ಅಜ್ಜಿ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋದಾಗ ಮಗಳನ್ನೂ ಕರೆದೊಯ್ದರು, ಶಾಲೆ ತಪ್ಪಿತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಗಳೂ ನಾಲ್ಕರಲ್ಲೇ ಇದ್ದಳು. ಅಲ್ಲಿಗೇ ನಿಲ್ಲಬಾರದೆಂದು ಅರ್ಜಿ ಹಾಕಿದ್ದೆ.

ನಾನು ಮೇಡಂಗೆ ಹೇಳಿದೆ: "ನಾನ ಹಾಕ್ತೀನ್ರಿ. ಇಪ್ಪತ್ತೈದು ವರ್ಷದಿಂದ ಎತ್ತಿನ ಹಗ್ಗ ಹೆಣೀತೀನಿ. ಹಗ್ಗಕ್ಕೂ ಮೂರ ಎಳಿ, ಜಡಿಗೂ ಮೂರ ಎಳಿ."

ಮೇಡಂ ನಕ್ಕರು. ತಾಯಿಯ ಒಪ್ಪಿಗೆ ಬರಹದಲ್ಲಿ ಬೇಕು, ಅಲ್ಲಿಯವರೆಗೆ ಮಗಳು ಶನಿವಾರ, ಭಾನುವಾರ ಅಪ್ಪನ ಹತ್ತಿರ ಇರಲಿ ಎಂದರು.

ನಾನು ಯಾರ ತಲೆಗೂ ಜಡೆ ಹಾಕಿದವನಲ್ಲ. ಪುಂಡಿ ನಾರನ್ನು ಕಂಬಕ್ಕೆ ಕಟ್ಟಿ ಒಂದು ವಾರ ಕಲಿತೆ. ಆ ಒಪ್ಪಿಗೆ ಕೇಳಲು ಜೈಲಿಗೆ ಹೊರಟ ಶನಿವಾರ ಬೆಳಿಗ್ಗೆ ಮಗಳ ಕೂದಲಿಗೆ ಎಣ್ಣೆ ಹಚ್ಚಿ, ಹಗ್ಗಕ್ಕೆ ಎಳೆದಂತೆ ಎಳೆದು, ಎರಡು ಜಡೆ ಹೆಣೆದು ರಿಬ್ಬನ್ ಬಿಗಿದೆ. ಜೋಡೆತ್ತು ಕಟ್ಟಿದರೂ ಹರಿಯುವಂತಿರಲಿಲ್ಲ.

"ಅಪ್ಪಾ, ಕಣ್ಣು ಮುಚ್ಚಾಕ ಬರವಲ್ದು!"

"ಹೊಸಾದು ಹಂಗ ಇರ್ತೈತಿ. ಆಮ್ಯಾಲ ಸಡ್ಲ ಆಗ್ತೈತಿ."

ಬಸ್ಸಿನಲ್ಲಿ ಹುಬ್ಬು ಮೇಲೇರಿಸಿಕೊಂಡೇ ಕುಳಿತಿದ್ದಳು. ಕಂಡಕ್ಟರ್ ಟಿಕೆಟ್ ಹರಿಯುತ್ತ, "ಏನಮ್ಮಾ, ಅಷ್ಟೊಂದು ಆಶ್ಚರ್ಯಾನಾ?" ಎಂದು ತೆಲುಗಿನಲ್ಲಿ ಕೇಳಿದ. ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯಾಚೆ ನೋಡಿದೆ.

ನಾಲ್ಕು ವರ್ಷದಿಂದ ಮಗಳ ತಾಯಿಯನ್ನು ಏನನ್ನೂ ಕೇಳಿದವನಲ್ಲ ನಾನು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಜೈಲಿನ ಜಾಲರಿಯ ಎದುರು ಮಗಳನ್ನೇ ಮುಂದೆ ನಿಲ್ಲಿಸಿದೆ. ಆಕೆ ನನ್ನನ್ನು ನೋಡಲೂ ಇಲ್ಲ. ಮಗಳ ತಲೆಯನ್ನೇ ನೋಡಿದಳು.

"ಈ ಜಡಿ ಯಾರು ಹಾಕಿದ್ರು?"

"ನಾನ."

ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೇನೋ ಎಂದುಕೊಂಡೆ. ಅಲ್ಲ, ನಗು. ಮದುವೆಯಾದ ಹೊಸದರಲ್ಲಿ ಕೇಳಿದ್ದ ನಗು.

"ಅಯ್ಯ! ಕೂಸನ್ನ ಗೂಟಕ್ಕ ಕಟ್ಟೋರಿದ್ರೇನು? ಬಿಚ್ಚ್ರಿ ಮೊದ್ಲು. ಬುಡದಾಗ ಸಡ್ಲ ಬಿಡ್ರಿ, ಕೆಳಗ ಬಂದಂಗ ಬಿಗೀರಿ. ಹಾಂ... ಎಳೀಬ್ಯಾಡ್ರಿ ಅಂದ್ನಲ್ಲ!"

ಆಕೆ ಜಾಲರಿಯಾಚೆಯಿಂದ ಬೆರಳಾಡಿಸಿ ತೋರಿಸಿದಳು, ನಾನು ಈಚೆ ಹೆಣೆದೆ. ಕಾವಲಿನ ಮಹಿಳೆಯೂ ಬಗ್ಗಿ ನೋಡತೊಡಗಿದರು. ಎರಡನೇ ಜಡೆ ಮುಗಿದಾಗ ಮಗಳು ಕಣ್ಣು ಮುಚ್ಚಿ ತೆರೆದಳು.

"ಅವ್ವಾ, ಈಗ ಮುಚ್ಚಾಕ ಬರ್ತಾವ!"

ನಾನು ಜೇಬಿನಿಂದ ಒಪ್ಪಿಗೆಯ ಕಾಗದ ತೆಗೆದೆ. ಆಕೆಗೆ ಹೇಳುವ ಮೊದಲೇ ತಿಳಿಯಿತು.

"ಸಾಲಿಗೆ ದಿನಾ ಕಳಿಸ್ತೀರೇನು?"

"ದಿನಾ."

"ನಾ ಹೊರಗ ಬಂದ ಮ್ಯಾಲ?"

"ಬಂದು ನೀನ ಜಡಿ ಹಾಕು. ನಾ ಬ್ಯಾಡ ಅನ್ನಂಗಿಲ್ಲ."

ಮಗಳ ಜಡೆಯನ್ನು ಇನ್ನೊಮ್ಮೆ ನೋಡಿದಳು. "ಕೊಡ್ರಿ" ಎಂದಳು. ಕಾಗದ ಜೈಲಿನವರ ಕೈ ದಾಟಿ ಆಕೆಯ ಸಹಿಯೊಂದಿಗೆ ಹೊರಬಂತು.

ಕೋರ್ಟಿನ ಮುಂದಿನ ವಾಯಿದೆಗೆ ಆರ್ಡರ್ ಆಯಿತು: ಮಗಳು ನನ್ನ ಹತ್ತಿರ, ತಿಂಗಳಿಗೊಮ್ಮೆ ತಾಯಿಯ ಭೇಟಿ. ಜೂನಿನಲ್ಲಿ ಐದನೇ ಕ್ಲಾಸಿನ ಬಾಗಿಲಿನವರೆಗೆ ನಾನೇ ಹೋಗಿ ಬಿಟ್ಟೆ. ನಾನು ಕಾಣದ ಕ್ಲಾಸು. ಒಳಗೆ ಬೆಂಚುಗಳು ಹೇಗಿವೆ ಎಂದು ಇಣುಕಿ ನೋಡಿದೆ.

ಅಂದು ಅಜ್ಜಿಯೂ ಬಂದಿದ್ದರು. ಮೊಮ್ಮಗಳ ಜಡೆಯನ್ನು ಬುಡದಿಂದ ತುದಿಯವರೆಗೆ ಎಳೆ ಎಳೆಯಾಗಿ ಮುಟ್ಟಿ ನೋಡಿದರು. ಒಂದು ತಪ್ಪೂ ಸಿಗಲಿಲ್ಲ.

"ರಿಬ್ಬನ್ ಇದಲ್ಲ," ಎಂದರು ಕೊನೆಗೆ. "ಕೆಂಪಂದು ತರಬೇಕಿತ್ತು."