ನ್ಯೂಕ್ಲಿಯಸ್ ಯಾವುದರಲ್ಲಿ ಎಂದು ನೀಲಾ ಕೇಳಿದ್ದಳು

ನೀಲಾ ದಡ್ಡಿಯಲ್ಲ. ಅವಳು ದಡ್ಡಿ ಎಂದು ಮನೆಮಂದಿಯೆಲ್ಲ ನಂಬುವಂತೆ ಮಾಡಿದವಳು ನಾನು — ಕೊನೆಗೆ ಅವಳೂ ನಂಬುವಂತೆ. ಇಷ್ಟು ಹೇಳಲು ಇಷ್ಟು ವರ್ಷ ತೆಗೆದುಕೊಂಡೆನೆಂದರೆ ನಾನೆಂಥವಳು ಎಂದು ನೀವೇ ಲೆಕ್ಕ ಹಾಕಿಕೊಳ್ಳಿ.

ನೀಲಾ ನನ್ನ ಮೈದುನನ ಹೆಂಡತಿ. ಇಂಡಿ ಕಡೆಯ ಹಳ್ಳಿಯಲ್ಲಿ ಪಿಯುಸಿ ಸೈನ್ಸ್ ಮುಗಿಸಿ ಮಲಾಡಿನ ನಮ್ಮ ಮನೆಗೆ ಸೊಸೆಯಾಗಿ ಬಂದಳು. ನಾನು ಮುಂಬಯಿಯಲ್ಲೇ ಹುಟ್ಟಿ, ವಿಲೆ ಪಾರ್ಲೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವಳು. ಓದಿದ್ದು ಮದುವೆಯ ಮರುವರ್ಷಕ್ಕೇ ಮರೆತುಹೋಗಿತ್ತು. ಆದರೂ "ದೊಡ್ಡ ಸೊಸೆ ಭಾಳ ಓದ್ಯಾಳ" ಎಂದು ಅತ್ತೆ ಬಿಲ್ಡಿಂಗಿನವರಿಗೆ ಹೇಳುವಾಗ ತಲೆ ತಗ್ಗಿಸಿ ನಗುತ್ತಿದ್ದೆ — ಅದನ್ನು ಜನ ವಿನಯ ಎಂದುಕೊಂಡರು. ನೀಲಾಳ ಮಾತು, ಅವಳು ಲೋಕಲ್ ರೈಲು ಹತ್ತಲು ಹೆದರುವುದು, ಅವಳ ಎಣ್ಣೆ ಹಚ್ಚಿದ ಜಡೆ — ಎಲ್ಲವೂ ನನಗೆ ಹಾಸ್ಯವಾಗಿತ್ತು. ನನಗಿಂತ ಕೆಳಗಿನವಳೊಬ್ಬಳು ಮನೆಯಲ್ಲಿ ಇರುವುದು ಎಷ್ಟು ಹಿತವೆಂದು ಅವಳು ಬಂದ ಮೇಲೆ ತಿಳಿಯಿತು.

ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಆಸೆ. ದಾದರಿನಲ್ಲಿ ಅದರ ಕೋರ್ಸ್ ಇತ್ತು, ಇಂಟರ್ವ್ಯೂ ಮಾಡಿ ಸೀಟು ಕೊಡುತ್ತಿದ್ದರು. ಒಂದು ಸಲ ಪ್ರಯತ್ನಿಸು, ಆಗದಿದ್ದರೆ ಮತ್ತೆ ಆ ಮಾತು ಎತ್ತಬೇಡ ಎಂದು ಮೈದುನ ಒಪ್ಪಿಕೊಂಡ.

ಒಂದು ಮಧ್ಯಾಹ್ನ ನಾವಿಬ್ಬರೂ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಅವಳು ಕೇಳಿದಳು. ಜೀವಕೋಶಗಳಲ್ಲಿ ಪ್ರೊಕ್ಯಾರಿಯೋಟ್, ಯೂಕ್ಯಾರಿಯೋಟ್ ಎಂದು ಎರಡು ಬಗೆ ಇವೆಯಲ್ಲ, ನ್ಯೂಕ್ಲಿಯಸ್ ಇರುವುದು ಯಾವುದರಲ್ಲಿ, ಪದೇ ಪದೇ ಗೊಂದಲವಾಗುತ್ತದೆ ಎಂದು.

ನನಗೆ ನೆನಪಿರಲಿಲ್ಲ. ನೆನಪಿಲ್ಲ ಎನ್ನಬಹುದಿತ್ತು. ಬದಲಿಗೆ ಅಲ್ಲೇ ಕೂತು ಒಂದು ಉಪಾಯ ಹೊಸೆದೆ — ಪ್ರೊ ಅಂದರೆ ಮುಂದುವರಿದದ್ದು, ಪ್ರೊಫೆಷನಲ್ ಇದ್ದ ಹಾಗೆ, ನ್ಯೂಕ್ಲಿಯಸ್ ಇರುವುದು ಅದರಲ್ಲೇ, ಹೀಗೆ ನೆನಪಿಟ್ಟುಕೋ.

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಅಕ್ಕಾರ, ನಮ್ಮ ಸರ್ ಉಲ್ಟಾ ಹೇಳಿದ್ರು ಅನಸ್ತದರಿ."

"ನಿಮ್ಮ ಹಳ್ಳಿ ಸರ್ ಹೇಳಿದ್ದು ಬಿಡು," ಎಂದೆ.

ಬಿಟ್ಟಳು. ಸರಿಯಾಗಿ ಗೊತ್ತಿದ್ದುದನ್ನು ನನ್ನ ಮೇಲಿನ ಗೌರವಕ್ಕೆ ಬಿಟ್ಟುಕೊಟ್ಟಳು.

ಇಂಟರ್ವ್ಯೂನಲ್ಲಿ ಬ್ಯಾಕ್ಟೀರಿಯಾದ ಬಗ್ಗೆಯೇ ಕೇಳಿದರಂತೆ. ಅದು ಪ್ರೊಕ್ಯಾರಿಯೋಟ್, ಅದಕ್ಕೆ ನ್ಯೂಕ್ಲಿಯಸ್ ಇರುತ್ತದೆ ಎಂದಳಂತೆ. ಪ್ಯಾಥಾಲಜಿ ಲ್ಯಾಬಿಗೆ ಬರುವವಳಿಗೆ ಇಷ್ಟೂ ತಿಳಿಯದೇ ಎಂದು ಕೂತವರು ನಕ್ಕರಂತೆ. ಸೀಟು ಸಿಗಲಿಲ್ಲ. ಅವಳು ಮನೆಗೆ ಬಂದು ಅಳುತ್ತಿರುವಾಗ ನಾನು ಒಳಗೆ ಹೋಗಿ ಹಳೆಯ ಪಠ್ಯಪುಸ್ತಕ ತೆರೆದು ನೋಡಿದೆ. ಅವಳ ಸರ್ ಹೇಳಿದ್ದೇ ಸರಿ. ನ್ಯೂಕ್ಲಿಯಸ್ ಇರುವುದು ಯೂಕ್ಯಾರಿಯೋಟಿನಲ್ಲಿ — ಗಿಡಮರ, ಪ್ರಾಣಿ, ನಾವು. ಬ್ಯಾಕ್ಟೀರಿಯಾಕ್ಕೆ ಅದಿಲ್ಲ.

ಪುಸ್ತಕ ಮುಚ್ಚಿಟ್ಟು ಹೊರಗೆ ಬಂದೆ. ಅತ್ತೆ, ನನ್ನ ಗಂಡ, ಮೈದುನ ಎಲ್ಲರೂ ಕೂತಿದ್ದರು. ನೀ ಹೇಳಿಕೊಟ್ಟಿದ್ದೆಯಲ್ಲ, ಮತ್ತೇನಾಯಿತು ಎಂದು ಅತ್ತೆ ಕೇಳಿದರು.

"ನಾನು ಸರಿಯಾಗೇ ಹೇಳಿಕೊಟ್ಟಿದ್ದೆ. ಅವಳ ತಲೆಯಲ್ಲಿ ಉಲ್ಟಾ ಕೂತಿದೆ."

ನೀಲಾ ನನ್ನನ್ನೇ ನೋಡಿದಳು. ಜಗಳವಾಡಿದ್ದರೆ — ಆದರೆ ಅವಳಿಗೆ ನನ್ನ ಮೇಲೆ ಅನುಮಾನ ಬರಲೇ ಇಲ್ಲ, ತನ್ನ ಮೇಲೆಯೇ ಬಂತು. ಇರಬಹುದು, ನಾನೇ ತಪ್ಪು ಕೇಳಿಸಿಕೊಂಡಿರಬೇಕು ಎಂದಳು. ಮೈದುನ ಟಿವಿ ಹಾಕಿದ. ಓದಿನ ಮಾತು ಅಲ್ಲಿಗೆ ಮುಗಿಯಿತು.

ಈಗ ಅವರು ಪಕ್ಕದ ಬಿಲ್ಡಿಂಗಿನಲ್ಲಿದ್ದಾರೆ. ಅವಳ ಮಗಳು ಶ್ರೇಯಾ ಹನ್ನೊಂದನೆಯ ತರಗತಿ. ಕಳೆದ ತಿಂಗಳು ಬಯಾಲಜಿ ಪುಸ್ತಕ ಹಿಡಿದು ಬಂದವಳು, ಅದೇ ಪಾಠ ತೆರೆದು, ನಗುತ್ತಾ ಹೇಳಿದಳು: "ಮಮ್ಮಿಗೆ ಕೇಳಿದೆ ದೊಡ್ಡಮ್ಮಾ. ದೊಡ್ಡಮ್ಮಂಗೆ ಕೇಳು, ನನ್ನ ತಲೆಯಲ್ಲಿ ಎಲ್ಲಾ ಉಲ್ಟಾನೇ ಕೂರೋದು ಅಂದ್ಲು."

ನನ್ನದೇ ಮಾತು. ಅವಳು ಅದನ್ನು ತನ್ನ ಗುಣವೆಂದು ಇಟ್ಟುಕೊಂಡು ಬದುಕಿದ್ದಾಳೆ, ಮಗಳಿಗೂ ದಾಟಿಸುತ್ತಿದ್ದಾಳೆ.

ಮರುದಿನ ಅವಳ ಅಡಿಗೆಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಗ್ಯಾಸ್ ಆರಿಸಿದಳು.

"ಗೊತ್ತಿಲ್ಲ ಅಂತ ಒಂದ್ ಮಾತು ಅನ್ನಾಕ ನಿಮಗ ಏನಾಗಿತ್ರಿ?" ಎಂದಳು. ಆಮೇಲೆ, "ನಾ ದಡ್ಡಿ ಅಂತ ನನ್ನ ಮಗಳಿಗೆ ನಾನೇ ಹೇಳೇನಿ. ಅವತ್ತ ಎಲ್ಲಾರ ಮುಂದ ಹೇಳಿದ್ರಿ. ಇದನ್ನೂ ಎಲ್ಲಾರ ಮುಂದ ಹೇಳ್ರಿ."

ಭಾನುವಾರ ಊಟಕ್ಕೆ ಎಲ್ಲರೂ ಸೇರಿದಾಗ ಹೇಳಿದೆ, ಶ್ರೇಯಾಳ ಎದುರಿಗೇ. ನನ್ನ ಗಂಡ ನಕ್ಕರು — ಇಷ್ಟಕ್ಕೇ ಇಷ್ಟೊಂದಾ, ಹಳೇ ಕಥೆ ಬಿಡು ಎಂದರು. ಮೈದುನನೂ ನಕ್ಕ. ಅತ್ತೆ ಇನ್ನೊಂದು ಚಪಾತಿ ಬಡಿಸಿಕೊಂಡರು. ಎಷ್ಟು ಸಲೀಸಾಗಿ ಕ್ಷಮಿಸಿದರು! ಕಳೆದುಕೊಂಡದ್ದು ಅವರದ್ದಾಗಿರಲಿಲ್ಲವಲ್ಲ.

ಶ್ರೇಯಾ ಮಾತ್ರ ತಾಯಿಯ ಮುಖ ನೋಡಿದಳು. ನೀಲಾ ನಗಲಿಲ್ಲ, ಅಳಲೂ ಇಲ್ಲ. ನನ್ನ ಕಡೆ ಒಮ್ಮೆ ನೋಡಿದಳು — ಹಿಂದೆ ನಾನು ಅವಳನ್ನು ನೋಡುತ್ತಿದ್ದ ಹಾಗೆ. ಪಾಠ ಕೇಳಲು ಶ್ರೇಯಾಳನ್ನು ಈಗ ನನ್ನ ಬಳಿ ಕಳಿಸುವುದಿಲ್ಲ, ಬೇರೆ ಕಡೆ ಟ್ಯೂಷನ್ನಿಗೆ ಹಾಕಿದ್ದಾಳೆ. ಸರಿಯಾದದ್ದೇ ಮಾಡಿದ್ದಾಳೆ.

ನಕ್ಕವರ ಕ್ಷಮೆ ನನಗೆ ಬೇಡ. ನೀಲಾಳ ಕ್ಷಮೆಯನ್ನು ನಾನು ಕೇಳಿಲ್ಲ — ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ.