ಫೋನಿನ ತಂತಿಗೆ ಹುಸೇನಬಿ ಹಾಕಿದ ಗಂಟು

ಸಿಂಧನೂರಿಗೆ ಬಂದಿಳಿದ ಮಧ್ಯಾಹ್ನ, ಬಸ್ಸಿನ ಧೂಳು ತೊಳೆಯೋಣವೆಂದು ಬಚ್ಚಲಿನ ನಲ್ಲಿ ತಿರುಗಿಸಿದೆ. ಕೈ ಚುರ್ ಎಂದಿತು. ನಾನು ಕೂಗಿಕೊಂಡ ಸದ್ದಿಗೆ ಪಕ್ಕದ ಮನೆಯ ಹೆಂಗಸು ಓಡಿಬಂದಳು.

"ಏನಾತ್ರೀ?"

"ಈ ನೀರು ಯಾರು ಕಾಯಿಸಿದ್ದು?"

ಆಕೆ ಮಾಳಿಗೆಯ ಮೇಲಿನ ಟ್ಯಾಂಕಿನತ್ತ ಕೈ ತೋರಿಸಿದಳು. "ಸೂರ್ಯ ಕಾಸ್ಯಾನ್ರೀ. ನಿಮಗ ಕಟಿಗಿ ಉಳೀತು ನೋಡ್ರಿ."

ಅವಳೇ ಹುಸೇನಬಿ. ತವರು ಮುದಗಲ್. ಗಂಡನಿಗೆ ಇಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಅಂಗಡಿ. ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸವನ್ನು ಆಕೆ ಮನೆಯಲ್ಲೇ ಕೂತು ಮಾಡುತ್ತಾಳೆ. ಸಂಜೆ ಅವಳ ಪಡಸಾಲೆಯಲ್ಲಿ ಕೂತು ನಾನು ಪೇಪರು ತಿದ್ದುವುದು, ಅವಳು ತಂತಿ ಸುತ್ತುವುದು, ಇದು ಮೂರು ವರ್ಷದಿಂದ ನಡೆದುಬಂದಿದೆ.

ನಂಜನಗೂಡಿನಲ್ಲಿ ಕೂತು ಇದನ್ನು ಓದುವ ನಿಮಗೆ ಈ ಊರನ್ನು ಹೇಗೆ ಹೇಳಲಿ? ನಮ್ಮಲ್ಲಿ ಹೊಳೆ ಊರನ್ನು ಸವರಿಕೊಂಡು ಹೋಗುತ್ತದೆ, ನಾವು ಅದನ್ನು ಗಮನಿಸುವುದೂ ಇಲ್ಲ. ಇಲ್ಲಿ ಕಾಲುವೆಗೆ ನೀರು ಬಿಟ್ಟ ದಿನ ಜನ ಸೇತುವೆ ಮೇಲೆ ನಿಂತು ನೋಡುತ್ತಾರೆ. ಮರಳುಗಾಡಿಗೆ ಹೊರಟೆ ಎಂದು ಅಳುತ್ತಾ ಬಂದವಳು ನಾನು. ಗೊರೇಬಾಳದ ಕಡೆ ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆ ಕಂಡು ನಾಚಿಕೆಯಾಯಿತು. ಬಸ್ಸು ಹತ್ತಿ ಮಸ್ಕಿ ದಾಟಿ ಪಾಮನಕಲ್ಲೂರಿನ ಕಡೆ ಹೋದರೆ ಮತ್ತೆ ಮಳೆಯನ್ನೇ ನಂಬಿದ ಹೊಲಗಳು. ಆ ಹೊಲದ ಜೋಳದ ರೊಟ್ಟಿ ತಿಂದ ಮೇಲೆ ಅನ್ನಕ್ಕಾಗಿ ಹಂಬಲಿಸುವುದನ್ನು ನಾನು ಬಿಟ್ಟೆ. ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ಕೇಳಿದರೆ ಮಂಡಾಳ ಒಗ್ಗರಣೆ ತಂದಿಟ್ಟಿದ್ದರು. ಮಂಡಾಳು ಎಂದರೆ ನಮ್ಮ ಕಡಲೆಪುರಿ, ಅದನ್ನು ನೆನೆಸಿ ಒಗ್ಗರಣೆ ಹಾಕುತ್ತಾರೆ. ಮೊದಲ ದಿನ ಮುಖ ಸಿಂಡರಿಸಿದೆ. ಈಗ ಅದಿಲ್ಲದಿದ್ದರೆ ಭಾನುವಾರ ಬಂದ ಹಾಗೇ ಆಗುವುದಿಲ್ಲ.

ಹಾಗೆಂದು ಸುಖವಾಗಿದ್ದೆ ಅಂದರೆ ಸುಳ್ಳಾದೀತು. ಗಂಡ, ಎಂಟು ವರ್ಷದ ಮಗಳು ನಂಜನಗೂಡಿನಲ್ಲಿ. ನಾನು ಇಲ್ಲಿನ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಂಡು. ಅಲ್ಲಿ ನಮ್ಮ ಮನೆಯಲ್ಲಿ ಫೋನಿಲ್ಲ. ಭಾನುವಾರ ಅವರಿಬ್ಬರೂ ಎಸ್‌ಟಿಡಿ ಬೂತಿಗೆ ಹೋಗಿ, ನನ್ನ ಬಾಡಿಗೆ ಮನೆಯಲ್ಲಿ ಮಾಲೀಕರು ಬಿಟ್ಟುಹೋಗಿರುವ ಫೋನಿಗೆ ಮಾಡುತ್ತಾರೆ. ಮಗಳು ಜಡೆ ಎಷ್ಟುದ್ದ ಬೆಳೆದಿದೆ ಎಂದು ಫೋನಿನಲ್ಲೇ ಹೇಳುತ್ತಾಳೆ, ನಾನು ನಂಬುತ್ತೇನೆ.

ಹೋದ ತಿಂಗಳು ಗಂಡನ ಕಾಗದ ಬಂತು. ಲಿಂಗಸೂಗೂರು ಕಡೆಯ ಮೇಷ್ಟ್ರೊಬ್ಬರು ನಮ್ಮೂರ ಕಾಲೇಜಿನಲ್ಲಿದ್ದಾರೆ, ತಮ್ಮ ಕಡೆಗೆ ಮರಳಲು ಕಾದಿದ್ದಾರೆ. ನಾನು ಒಪ್ಪಿದರೆ ಅದಲುಬದಲು ವರ್ಗ. ಮಸ್ಕಿಯಲ್ಲಿ ಇನ್ನೊಬ್ಬರೂ ನಮ್ಮೂರಿನ ಇದೇ ಜಾಗಕ್ಕೆ ಕಾಯುತ್ತಿದ್ದಾರಂತೆ. ಆದ್ದರಿಂದ ಮುಂದಿನ ಶನಿವಾರ ನಾಲ್ಕು ಗಂಟೆಗೆ ಬೂತಿನಿಂದ ಫೋನು ಮಾಡುವಾಗ ನನ್ನ ಉತ್ತರ ಸಿಗದಿದ್ದರೆ ಮೇಷ್ಟ್ರು ಅವರಿಗೇ ಮಾತು ಕೊಡುತ್ತಾರೆ.

ಅದರ ಹಿಂದಿನ ದಿನ, ಶುಕ್ರವಾರ, ಸುಣ್ಣ ಹಚ್ಚಲು ಬಂದವರು ಗೋಡೆಯ ಫೋನು ಪೆಟ್ಟಿಗೆಯನ್ನು ಕಿತ್ತು ಕೆಳಗಿಟ್ಟು ಹೋದರು.

ಫೋನಿನಿಂದ ಎರಡು ಎಳೆ: ಕೆಂಪು, ಹಸಿರು. ಗೋಡೆಯಿಂದ ನಾಲ್ಕು: ಒಂದು ಕೆಂಪು, ಒಂದು ಹಳದಿ, ಉಳಿದೆರಡು ಬಿಸಿಲಿಗೆ ಬಿಳಿಚಿ ಯಾವ ಬಣ್ಣವೆಂದೇ ತಿಳಿಯದಂಥವು. ಓದಿದವಳಲ್ಲವೇ! ಕೆಂಪಿಗೆ ಕೆಂಪು ಸೇರಿಸಿದೆ. ಬಿಳಿಚಿದ್ದರಲ್ಲಿ ಹಸಿರು ಛಾಯೆ ಇದ್ದಂತೆ ಕಂಡ ಎಳೆಯನ್ನು ಹಸಿರಿಗೆ ಕಟ್ಟಿದೆ. ರಿಸೀವರು ಎತ್ತಿದರೆ ಸದ್ದೇ ಇಲ್ಲ. ಶನಿವಾರ ಲೈನ್‌ಮನ್ನನ್ನು ಹುಡುಕಿದರೆ ಮಸ್ಕಿ ಕಡೆ ಹೋಗಿದ್ದಾನೆ ಅಂದರು. ಮೂರೂವರೆಗೆ ನಾನು ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಅಳುತ್ತಾ ಕೂತಿದ್ದೆ.

"ಏನ್ ಮಾಡಾಕತ್ತೀರಿ ಅಕ್ಕೋರ?" ಹುಸೇನಬಿ ಬಾಗಿಲಲ್ಲಿ ನಿಂತಿದ್ದಳು. ಇಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು.

ವಿಷಯ ಹೇಳಿದೆ. ವರ್ಗದ ಮಾತನ್ನು ಅವಳಿಂದ ಒಂದು ವಾರ ಮುಚ್ಚಿಟ್ಟಿದ್ದೆ, ಅದನ್ನೂ ಹೇಳಿಬಿಟ್ಟೆ. ಆಕೆ ಒಳಗೆ ಬಂದು ನನ್ನ ಪಕ್ಕ ಕೂತಳು.

"ಬಣ್ಣ ನೋಡಿ ಕಟ್ಟೀರೇನು?"

"ಹೂಂ. ಕೆಂಪಿಗೆ ಕೆಂಪು."

"ನಾ ಸುತ್ತೋ ತಂತಿ ಎಲ್ಲಾ ಒಂದ ಬಣ್ಣ ಅದಾವ್ರೀ, ತಾಮ್ರದ್ದು. ಬಣ್ಣ ನೋಡಿದ್ರ ನಮ್ಮ ಕೆಲಸ ಆಗಂಗಿಲ್ಲ. ಬಣ್ಣ ಹಾಕಿದಾವ ಕೈಗೆ ಸಿಕ್ಕಿದ್ದು ಹಾಕ್ಯಾನ. ನಾವು ಹಾಕಿದ ಗಂಟು ನಮಗ ಸುಳ್ಳ ಹೇಳಂಗಿಲ್ಲ."

ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿದಳು. ಸೆರಗಿನ ಗಂಟಿನಿಂದ ದಾರ ತೆಗೆದು ಗೋಡೆಯ ಮೊದಲ ಎಳೆಗೆ ಒಂದು ಗಂಟು, ಮುಂದಿನದಕ್ಕೆ ಎರಡು, ಮೂರು, ನಾಲ್ಕು. ಮೋಟಾರಿನ ತಂತಿಯ ತುದಿಗಳಿಗೂ ಅವಳು ಹೀಗೇ ಗುರುತು ಕಟ್ಟುವುದನ್ನು ನಾನು ದಿನವೂ ನೋಡಿದ್ದೆ, ಏಕೆಂದು ಕೇಳಿರಲಿಲ್ಲ.

"ನೀವು ಕಿವಿಗೆ ಹಿಡ್ಕೊಳ್ರಿ. ಗುಂಯ್ ಅಂದ್ರ ಹೇಳ್ರಿ. ಆರ ಜೋಡಿ ಅದಾವ, ಆರೂ ನೋಡೂಣು."

ನಾಲ್ಕರಲ್ಲಿ ಎರಡೆರಡು, ಆರು ಜೋಡಿ! ಪ್ರತಿ ವರ್ಷ ಬೋರ್ಡಿನ ಮೇಲೆ ನಾನು ಬಿಡಿಸುವ ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದವಳು ಅದನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದಳು. ಒಂದು-ಎರಡು ಇಲ್ಲ. ಒಂದು-ಮೂರು ಇಲ್ಲ. ಐದನೆಯ ಜೋಡಿಗೆ ರಿಸೀವರು ಗುಂಯ್ ಎಂದಿತು. ಹಳದಿಗೆ ಕೆಂಪು, ಬಿಳಿಚಿದ್ದಕ್ಕೆ ಹಸಿರು. ಗೋಡೆಯ ಕೆಂಪು ಎಳೆಗೂ ಫೋನಿಗೂ ಸಂಬಂಧವೇ ಇರಲಿಲ್ಲ. ಸಂತೋಷ ತಡೆಯದೆ ರಿಸೀವರು ಇಟ್ಟು ಅವಳ ಭುಜ ಹಿಡಿದು ಅಲುಗಾಡಿಸಿದೆ.

ಆಕೆ ಎಳೆಗಳನ್ನು ಹೊಸೆಯುತ್ತಿರುವಾಗಲೇ ಫೋನು ಬಡಿದುಕೊಂಡಿತು. "ಹಾಯ್ ಅಲ್ಲಾ!" ಎಂದು ಕೈ ಕೊಡವಿದಳು. ಫೋನಿನ ಗಂಟೆ ಬಾರಿಸುವ ಕರೆಂಟು ಅವಳ ಬೆರಳಿಗೆ ಹೊಡೆದಿತ್ತು. ಮರುಕ್ಷಣವೇ ಬಿಟ್ಟುಹೋದ ಎಳೆಗಳನ್ನು ಎರಡೂ ಕೈಯಲ್ಲಿ ಜೋಡಿಸಿ ಒತ್ತಿ ಹಿಡಿದಳು. "ಎತ್ತ್ರಿ, ಎತ್ತ್ರಿ! ನಾ ಹಿಡ್ಕೊಂಡೀನಿ."

"ಮೇಷ್ಟ್ರು ಪಕ್ಕದಲ್ಲೇ ಇದ್ದಾರೆ ಕಣೇ," ಗಂಡನ ದನಿ. "ಏನು ಹೇಳಲಿ?"

ನನ್ನ ಕಾಲ ಬುಡದಲ್ಲಿ ಹುಸೇನಬಿ ಉಸಿರು ಬಿಗಿಹಿಡಿದು ಕೂತಿದ್ದಳು. ಅವಳ ಬೆರಳು ಒಂದಿಷ್ಟು ಸಡಿಲವಾದರೂ ಮಾತು ಕಡಿದುಹೋಗುತ್ತಿತ್ತು. ಆ ಕಡೆಯಿಂದ ಮಗಳು, ರಿಸೀವರಿನ ಹೊರಗೂ ಕೇಳುವಷ್ಟು ಗಟ್ಟಿಯಾಗಿ, ಅಮ್ಮಾ ಎಂದಳು.

"ಹೂಂ ಅಂತ ಹೇಳಿ. ಬರ್ತೀನಿ," ಅಂದೆ.

ರಿಸೀವರು ಇಟ್ಟ ಮೇಲೂ ಆಕೆ ಎಳೆ ಬಿಟ್ಟಿರಲಿಲ್ಲ. "ಚೊಲೋ ಕೇಳಿಸ್ತೇನ್ರೀ?"

"ಕೇಳಿಸ್ತು ಹುಸೇನಬಿ."

"ಒಮ್ಮೆ ಬಿಟ್ಟುಬಿಡಲೇನು ಅನ್ನಿಸ್ತು ನೋಡ್ರಿ," ಅಂದಳು. "ಕೂಸು ಕರೀತು. ಬಿಡಲಿಲ್ಲ."

ಆಮೇಲೆ ಸ್ಕ್ರೂ ಬಿಗಿ ಮಾಡಿ ಪೆಟ್ಟಿಗೆ ಕೂಡಿಸಿದಳು. ದಾರದ ಗಂಟುಗಳನ್ನು ಬಿಚ್ಚಲಿಲ್ಲ. ಮುಂದೆ ಬಾಡಿಗೆಗೆ ಬರುವವರಿಗೆ ಬೇಕಾಗುತ್ತವಂತೆ.

ಇದನ್ನು ಬರೆಯುವಾಗ ನನ್ನ ಟ್ರಂಕು ಅರ್ಧ ತುಂಬಿದೆ. ಮಗಳ ಜಡೆಯನ್ನು ನಾನೇ ಹೆಣೆಯುವ ದಿನ ಹತ್ತಿರ ಬಂದಿದೆ, ಅದಕ್ಕಿಂತ ದೊಡ್ಡ ಆಸೆ ನನಗೆ ಬೇರೆ ಇರಲಿಲ್ಲ. ಆದರೂ ಸಂಜೆ ಪಡಸಾಲೆಯಲ್ಲಿ ಕೂತರೆ ಏಳಲು ಮನಸ್ಸಾಗುವುದಿಲ್ಲ. ನಿನ್ನೆ ಹುಸೇನಬಿ ತನ್ನ ಮಗನ ನೋಟುಪುಸ್ತಕ, ಪೆನ್ನು ಹಿಡಿದು ನನ್ನ ಮನೆಗೆ ಬಂದಳು.

"ನಿಮ್ಮ ಊರಿನ ಫೋನ್ ನಂಬರ್ ಬರೀರಿ ಅಕ್ಕೋರ."

"ನಮ್ಮ ಮನೆಯಲ್ಲಿ ಫೋನಿಲ್ಲವಲ್ಲ."

ಆಕೆ ನಂಬಲಿಲ್ಲ. ಗೋಡೆಯ ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. "ಮತ್ತ ನಾ ಎಲ್ಲಿಗಿ ಮಾಡ್ಲಿ?"

ನಂಜನಗೂಡಿಗೆ ಬಂದವಳೇ ಮೊದಲು ಫೋನಿಗೆ ಅರ್ಜಿ ಹಾಕುತ್ತೇನೆ. ಊರಿನಿಂದ ಫೋನು ಬರುವುದಿದೆ.